ಏಳು ಸ್ಟೆಪ್, ಎಂಟು ಸ್ಟೆಪ್ ಮತ್ತು ಒಂದು ಮಲ್ಟಿಮೀಟರ್

ಸೀಕ್ವೆನ್ಸರ್ ಎಂದರೆ ಸಿಂಥಸೈಜರಿಗೆ ಯಾವ ಸ್ವರ, ಯಾವಾಗ ಎಂದು ಸಾಲಾಗಿ ಹೇಳಿಕೊಡುವ ಸಾಧನ. ಅದಕ್ಕೆ ಸ್ವಂತ ದನಿ ಇಲ್ಲ. ಅದರ ಔಟ್‌ಪುಟ್ಟನ್ನು ನೇರ ಸ್ಪೀಕರಿಗೆ ಕೊಟ್ಟರೆ ಟಕ್ ಟಕ್ ಅನ್ನುವುದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಮಾಡ್ಯುಲರ್ ಸಿಂಥಸೈಜರ್ (ಬಿಡಿ ಮಾಡ್ಯೂಲ್‌ಗಳನ್ನು ತಂತಿಯಿಂದ ಜೋಡಿಸುವ ಎಲೆಕ್ಟ್ರಾನಿಕ್ ವಾದ್ಯ) ಹಿಡಿದವರಿಗೆ ದನಿ ಹುಟ್ಟಿಸುವ ಆಸಿಲೇಟರ್, ಅದನ್ನು ಸೋಸುವ ಫಿಲ್ಟರ್, ಅದರ ಏರಿಳಿತ ರೂಪಿಸುವ ಎನ್ವಲಪ್ ಬೇಗ ಕೈಗೆ ಹತ್ತುತ್ತವೆ. ಗುಂಡಿ ತಿರುಗಿಸಿದ ಕೂಡಲೇ ಕಿವಿಗೆ ಉತ್ತರ ಸಿಗುತ್ತದಲ್ಲ! ಸೀಕ್ವೆನ್ಸರ್ ಹತ್ತಿರ ಬಂದಾಗ ಗಾಡಿ ನಿಲ್ಲುತ್ತದೆ. ಮ್ಯಾನ್ಯುಯಲ್ ಓದುತ್ತಾರೆ, ವಿಡಿಯೋ ನೋಡುತ್ತಾರೆ, ಮೆನುಗಳ ಹೆಸರೆಲ್ಲ ಬಾಯಿಪಾಠ ಆಗಿರುತ್ತದೆ, ಆದರೂ ಎಂಟು ಸ್ವರಗಳ ಒಂದೇ ಸುತ್ತು ಗಿರಕಿ ಹೊಡೆಯುತ್ತಾ ಇರುತ್ತದೆ.

ನನಗೆ ಕಾಣುವ ಕಾರಣ ಇಷ್ಟು. ಸ್ವರಗಳನ್ನು ಬರೆದಿಟ್ಟುಕೊಂಡು ನುಡಿಸುವ ಯಂತ್ರ ಎಂದುಕೊಂಡು ಅದರ ಮುಂದೆ ಕೂರುತ್ತೇವೆ. ಅದು ಎಣಿಸುವ ಯಂತ್ರ. ಒಂದು ಕ್ಲಾಕ್ ಪಲ್ಸ್ (ಲಯ ಕೊಡುವ ವಿದ್ಯುತ್ ಮಿಡಿತ) ಬಂದರೆ ಒಂದು ಸ್ಥಾನ (ಸ್ಟೆಪ್) ಮುಂದೆ ಹೋಗುತ್ತದೆ, ಆ ಸ್ಥಾನದ ಗುಂಡಿಯಲ್ಲಿ ಎಷ್ಟು ವೋಲ್ಟೇಜ್ ಇಟ್ಟಿದ್ದೇವೋ ಅದನ್ನು ಹೊರಗೆ ಕೊಡುತ್ತದೆ. ಅದಕ್ಕಿಂತ ಹೆಚ್ಚಿನದೆಲ್ಲ ಈ ಎಣಿಕೆಯ ಮೇಲೆ ಕಟ್ಟಿದ ಸೌಕರ್ಯ. ಕೀಬೋರ್ಡಿನಲ್ಲಿ ಯಾವ ಸ್ವರ, ಯಾವಾಗ, ಎಷ್ಟು ಹೊತ್ತು ಎಂಬ ಮೂರೂ ಒಂದೇ ಬೆರಳಿನಡಿ ಗಂಟುಬಿದ್ದಿರುತ್ತವೆ. ಇಲ್ಲಿ ಅವು ಮೂರು ಬೇರೆ ಬೇರೆ ಸಂಗತಿಗಳು, ಬೇರೆ ಬೇರೆ ತಂತಿಗಳು. ಈ ಬಿಡಿತನವೇ ಲಾಭ. ತಾಳ ಹಾಕುತ್ತಲೇ ಹಾಡಲು ಕಲಿತವರಿಗೆ ಇದು ಹೊಸದೇನೂ ಅಲ್ಲ: ಕೈ ಎಣಿಸುತ್ತಿರುತ್ತದೆ, ಬಾಯಿ ಅದರ ಮೇಲೆ ತನ್ನ ಲೆಕ್ಕದಲ್ಲಿ ಹೋಗುತ್ತಿರುತ್ತದೆ.

ಸೀಕ್ವೆನ್ಸರ್ ಹುಟ್ಟಿದ್ದೂ ಇಂಥ ಬೇಸರದ ಎಣಿಕೆಯಿಂದಲೇ. 1960ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಟೇಪ್ ಮ್ಯೂಸಿಕ್ ಸೆಂಟರಿನಲ್ಲಿ ಮಾರ್ಟನ್ ಸುಬಾಟ್ನಿಕ್, ರಾಮೋನ್ ಸೆಂಡರ್ ಮೊದಲಾದ ಸಂಗೀತ ಸಂಯೋಜಕರು ಟೇಪು ಕತ್ತರಿಸಿ ಅಂಟಿಸಿ ಸ್ವರಗಳನ್ನು ಸಾಲುಗೂಡಿಸುತ್ತಿದ್ದರು. ಆ ಕೆಲಸ ತಪ್ಪಿಸುವ ಉಪಕರಣ ಬೇಕೆಂದಾಗ ಉಪಕರಣ ತಯಾರಕ ಡಾನ್ ಬುಕ್ಲಾ ಮಾಡಿಕೊಟ್ಟ ಸಿಸ್ಟಮ್ಮಿನಲ್ಲಿ ಸೀಕ್ವೆನ್ಸರ್ ಇತ್ತು. ಅತ್ತ ಮೂಗ್ ಕಂಪನಿಯ 960 ಸೀಕ್ವೆನ್ಸರಿನಲ್ಲಿ ಮೂರು ಸಾಲು, ಎಂಟು ಕಂಬ, ಒಟ್ಟು 24 ಗುಂಡಿ. ಇವತ್ತಿನ ಡೋಪ್ಫರ್ ಕಂಪನಿಯ ಎ-155 ನೋಡಿದರೂ ಅದೇ ಎಂಟು ಸ್ಟೆಪ್, ಅದೇ ಸಾಲು. (ನಮ್ಮ ದೇಶಕ್ಕೆ ಇದು ತೀರಾ ತಡವಾಗಿ ಬಂದದ್ದೂ ಅಲ್ಲ. 1969ರಲ್ಲೇ ಅಹಮದಾಬಾದಿನ ಎನ್‌ಐಡಿಯಲ್ಲಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಜರ್ ಕೂರಿಸಿಕೊಟ್ಟಿದ್ದರು.)

ಮೊದಲು ಕ್ಲಾಕ್ ನಿಲ್ಲಿಸಿ. ಯಾವುದೋ ಒಂದು ಸ್ಟೆಪ್ ಮೇಲೆ ನಿಂತುಕೊಂಡು ಆ ಗುಂಡಿಯ ವೋಲ್ಟೇಜ್ ಅಳೆಯಿರಿ. ಯೂರೋರ‍್ಯಾಕ್‌ನಲ್ಲಿ (ಈ ಮಾಡ್ಯೂಲ್‌ಗಳ ಸಾಮಾನ್ಯ ಮಾದರಿ) ಒಂದು ಆಕ್ಟೇವಿಗೆ (ಷಡ್ಜದಿಂದ ತಾರಷಡ್ಜದವರೆಗೆ) 1 ವೋಲ್ಟ್, ಅಂದರೆ ಅದರ ಹನ್ನೆರಡನೇ ಒಂದು ಭಾಗವಾದ ಒಂದು ಸೆಮಿಟೋನ್‌ಗೆ 0.0833 ವೋಲ್ಟ್. ಷಡ್ಜ 0 ವೋಲ್ಟ್ ಎಂದಿಟ್ಟುಕೊಂಡರೆ ಪಂಚಮ 0.583, ತಾರಷಡ್ಜ 1. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ 20 ವೋಲ್ಟ್ ರೇಂಜಿನಲ್ಲಿ 0.01 ವೋಲ್ಟ್‌ವರೆಗೆ ಮಾತ್ರ ತೋರಿಸುತ್ತದೆ. ಅದು 12 ಸೆಂಟ್ (ಸೆಮಿಟೋನಿನ ನೂರನೇ ಒಂದು ಭಾಗ ಒಂದು ಸೆಂಟ್), ಕಿವಿಗೆ ಗೊತ್ತಾಗುವಷ್ಟು ದೊಡ್ಡದು. 2 ವೋಲ್ಟ್ ರೇಂಜಿಗೆ ಹಾಕಿದರೆ 0.001 ಕಾಣುತ್ತದೆ, ಕೆಲಸಕ್ಕೆ ಅಷ್ಟು ಸಾಕು.

ಇಲ್ಲೇ ಇನ್ನೊಂದು ವಿಷಯ ಹೊಳೆಯುತ್ತದೆ. ಗುಂಡಿ ಈ ತುದಿಯಿಂದ ಆ ತುದಿಗೆ ಸುಮಾರು 300 ಡಿಗ್ರಿ ತಿರುಗುತ್ತದೆ. ಅದರ ವ್ಯಾಪ್ತಿ 5 ವೋಲ್ಟ್ ಇದ್ದರೆ 60 ಸೆಮಿಟೋನ್, ಒಂದೊಂದಕ್ಕೆ 5 ಡಿಗ್ರಿ. ಬೆರಳಿನ ನಡುಕಕ್ಕೇ ಸ್ವರ ಬದಲಾಗಿಬಿಡುತ್ತದೆ. ವ್ಯಾಪ್ತಿಯನ್ನು 2 ವೋಲ್ಟ್‌ಗೆ ಇಳಿಸಿದರೆ ಒಂದು ಸೆಮಿಟೋನ್‌ಗೆ 12.5 ಡಿಗ್ರಿ ಸಿಗುತ್ತದೆ. "ಸ್ವರ ಕೂರ್ತಾನೇ ಇಲ್ಲ" ಎಂದು ಕ್ವಾಂಟೈಜರ್ (ವೋಲ್ಟೇಜನ್ನು ಹತ್ತಿರದ ಸ್ವರಕ್ಕೆ ಕೂರಿಸುವ ಮಾಡ್ಯೂಲ್) ಹುಡುಕಿಕೊಂಡು ಹೊರಡುವವರು ಮೊದಲು ರೇಂಜ್ ಸ್ವಿಚ್ಚನ್ನೊಮ್ಮೆ ನೋಡಬೇಕು. ಸ್ವಿಚ್ ಇಲ್ಲದಿದ್ದರೆ ನಡುವೆ ಒಂದು ಅಟೆನ್ಯುಯೇಟರ್ (ವೋಲ್ಟೇಜ್ ತಗ್ಗಿಸುವ ಗುಂಡಿ) ಹಾಕಿದರಾಯಿತು.

ಒಂದೇ ಪಿಚ್ ವೋಲ್ಟೇಜನ್ನು ಎರಡು ಆಸಿಲೇಟರಿಗೆ ಹಂಚುವಾಗ ಬರುವ ಅಪಶ್ರುತಿಗೂ ಲೆಕ್ಕವಿದೆ. ಕೆಲವು ಸೀಕ್ವೆನ್ಸರ್‌ಗಳ ಔಟ್‌ಪುಟ್‌ನಲ್ಲಿ 1 ಕಿಲೋಓಂ ರೆಸಿಸ್ಟರ್ ಸರಣಿಯಲ್ಲಿರುತ್ತದೆ, ಆಸಿಲೇಟರ್ ಇನ್‌ಪುಟ್ ಸಾಮಾನ್ಯವಾಗಿ 100 ಕಿಲೋಓಂ. ಒಂದು ಆಸಿಲೇಟರ್ ಸೇರಿಸಿದರೆ ಸುಮಾರು ಶೇ. 1 ವೋಲ್ಟೇಜ್ ಬೀಳುತ್ತದೆ, ಎರಡು ಸೇರಿಸಿದರೆ ಶೇ. 2. ಮೂರು ಆಕ್ಟೇವ್ ಮೇಲೆ ಹೋದಾಗ ಆ ಶೇ. 2 ಎಂದರೆ 0.059 ವೋಲ್ಟ್, ಸೆಮಿಟೋನಿನ ಮುಕ್ಕಾಲಿಗೆ ಹತ್ತಿರ. ಕೆಳಗಿನ ಸ್ವರ ಸರಿಯಿದ್ದು ಮೇಲಕ್ಕೆ ಹೋದಷ್ಟೂ ಇಳಿಯುತ್ತಿದ್ದರೆ ಆಸಿಲೇಟರನ್ನು ಬೈಯುವ ಮೊದಲು ಪ್ಯಾಸಿವ್ ಮಲ್ಟ್ (ತಂತಿಯನ್ನು ಸುಮ್ಮನೆ ಕವಲೊಡೆಸುವುದು) ತೆಗೆದು ಬಫರ್ಡ್ ಮಲ್ಟ್ (ವೋಲ್ಟೇಜ್ ಬೀಳದಂತೆ ಹಂಚುವುದು) ಹಾಕಿ ನೋಡಿ.

ಗೇಟಿನ (ಸ್ವರ ಯಾವಾಗ ಶುರುವಾಗಿ ಎಷ್ಟು ಹೊತ್ತು ಇರಬೇಕು ಎಂದು ಹೇಳುವ ಸಿಗ್ನಲ್ಲಿನ) ವಿಷಯ ಚಿಕ್ಕದು. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟ್) ಕಾಲು ಬೀಟಿನ ಸ್ವರವೊಂದು 125 ಮಿಲಿಸೆಕೆಂಡ್, ಗೇಟ್ ಅದರ ಅರ್ಧ ಇದ್ದರೆ 62. ಎನ್ವಲಪ್‌ನ ಅಟ್ಯಾಕ್ (ದನಿ ಏರಲು ಹಿಡಿಯುವ ಸಮಯ) 200ಕ್ಕೆ ಇಟ್ಟಿದ್ದರೆ ದನಿ ತುದಿ ಮುಟ್ಟುವುದೇ ಇಲ್ಲ, "ಸೀಕ್ವೆನ್ಸರ್ ವೀಕು" ಅನ್ನಿಸುತ್ತದೆ. ಕೆಲವೇ ಮಿಲಿಸೆಕೆಂಡಿನ ಚುಟುಕು ಪಲ್ಸನ್ನು (ಟ್ರಿಗರ್) ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್ ಎಂಬ ನಾಲ್ಕು ಹಂತದ ಎನ್ವಲಪ್ ಆದ ಎಡಿಎಸ್‌ಆರ್‌ಗೆ ಕೊಟ್ಟರೆ (ಗೇಟ್ ಇರುವಷ್ಟು ಹೊತ್ತು ದನಿ ಹಿಡಿಯುವ) ಸಸ್ಟೇನ್ ಗುಂಡಿಗೆ ಕೆಲಸವೇ ಇಲ್ಲ. ಗೇಟ್ ಪೂರ್ತಿ ನೂರಕ್ಕೆ ನೂರು ಇಟ್ಟರೆ ಎರಡು ಸ್ಟೆಪ್ ಕೂಡಿಕೊಂಡು ಎನ್ವಲಪ್ ಮತ್ತೆ ಶುರುವಾಗುವುದಿಲ್ಲ. ಅದು ಕೆಡುಕಲ್ಲ, ಬೇಕಾದಾಗ ಬಳಸುವ ಸಲಕರಣೆ.

ನಿಜವಾಗಿ ತಲೆ ತಿನ್ನುವುದು ಕ್ಲಾಕ್ ಮತ್ತು ರೀಸೆಟ್ (ಒಂದನೇ ಸ್ಟೆಪ್ಪಿಗೆ ಮರಳಿಸುವ ಪಲ್ಸ್).

ಮಿಡಿ (ವಾದ್ಯಗಳು, ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ಡಿಜಿಟಲ್ ಭಾಷೆ) ಕ್ಲಾಕ್ ಒಂದು ಬೀಟಿಗೆ 24 ಪಲ್ಸ್ ಕೊಡುತ್ತದೆ. ಬಹುತೇಕ ಮಾಡ್ಯುಲರ್ ಸೀಕ್ವೆನ್ಸರ್‌ಗಳು ಒಂದು ಪಲ್ಸಿಗೆ ಒಂದು ಸ್ಟೆಪ್ ಹೋಗುತ್ತವೆ, ಅಂದರೆ ಬೀಟಿಗೆ 4 ಪಲ್ಸ್ ಸಾಕು. ಇವೆರಡನ್ನು ನೇರ ಜೋಡಿಸಿದರೆ ಆರು ಪಟ್ಟು ವೇಗ. ಅದನ್ನು ಗುರುತಿಸುವುದು ಸುಲಭ, ಆರರಿಂದ ಭಾಗಿಸಿದರೆ ಮುಗಿಯಿತು. ರೀಸೆಟ್ ಹಾಗಲ್ಲ. ಸ್ಟಾರ್ಟ್ ಒತ್ತಿದಾಗ ಮೊದಲನೇ ಸ್ವರ ನುಂಗಿಹೋಗಿ ಎರಡನೆಯದರಿಂದ ಶುರುವಾಗುವುದು ಎಲ್ಲರ ದೂರು. ನಡೆಯುವುದು ಇಷ್ಟು: ರೀಸೆಟ್ ಮತ್ತು ಕ್ಲಾಕ್ ಒಂದೇ ಗಳಿಗೆಯಲ್ಲಿ ಬರುತ್ತವೆ. ರೀಸೆಟ್ ಒಂದನೇ ಸ್ಟೆಪ್ಪಿಗೆ ತಂದು ನಿಲ್ಲಿಸುತ್ತದೆ, ಹಿಂದೆಯೇ ಬಂದ ಕ್ಲಾಕ್ ಎರಡಕ್ಕೆ ತಳ್ಳುತ್ತದೆ. ಕ್ಲಾಕನ್ನು 2ರಿಂದ 5 ಮಿಲಿಸೆಕೆಂಡ್ ತಡಮಾಡಿದರೂ ಸಾಲದು. ಕ್ಲಾಕ್ ಬಂದಾಗ ಅದು ಹೇಗೂ ಮುಂದೆ ಹೋಗಲೇಬೇಕಲ್ಲ! ಈ ಬಗೆಯ ಸೀಕ್ವೆನ್ಸರ್‌ಗೆ ಕ್ಲಾಕ್ ಮೊದಲು, ರೀಸೆಟ್ ಒಂದೆರಡು ಮಿಲಿಸೆಕೆಂಡ್ ಹಿಂದೆ ಬರಬೇಕು. ಇನ್ನೊಂದು ಬಗೆ ಇದೆ: ರೀಸೆಟ್ ಬಂದಾಗ ಹಾರುವುದಿಲ್ಲ, ಮುಂದಿನ ಕ್ಲಾಕ್ ಒಂದನೇ ಸ್ಟೆಪ್ಪನ್ನೇ ನುಡಿಸಲಿ ಎಂದು ಕಾಯುತ್ತದೆ. ಇದಕ್ಕೆ ರೀಸೆಟ್ ಮೊದಲು, ಕ್ಲಾಕ್ ತಡ. ನಿಮ್ಮದು ಯಾವ ಬಗೆ ಎಂದು ತಿಳಿಯಲು ಕ್ಲಾಕ್ ನಿಲ್ಲಿಸಿ, ಕೈಯಲ್ಲಿ ಒಂದು ರೀಸೆಟ್ ಪಲ್ಸ್ ಕೊಡಿ. ದೀಪ ತಕ್ಷಣ ಹಾರಿದರೆ ಮೊದಲನೇ ಬಗೆ ಇರಬಹುದು. ಆಮೇಲೆ ಒಂದೇ ಒಂದು ಕ್ಲಾಕ್ ಕೊಟ್ಟು ಎಲ್ಲಿಗೆ ಹೋಯಿತು ನೋಡಿದರೆ ಅನುಮಾನ ಉಳಿಯುವುದಿಲ್ಲ.

ಇದರ ತಮ್ಮನೊಬ್ಬ ಇದ್ದಾನೆ. ಗೇಟ್ ಬಂದು ಒಂದೆರಡು ಮಿಲಿಸೆಕೆಂಡ್ ಆದ ಮೇಲೆ ಪಿಚ್ ವೋಲ್ಟೇಜ್ ಬದಲಾಗುವುದು. ನೇರ ಆಸಿಲೇಟರಿಗೆ ಹೋದರೆ ಸ್ವರದ ಶುರುವಿನಲ್ಲಿ ಚಿಕ್ಕ ಚೀರು ಕೇಳುತ್ತದೆ. ಸ್ಯಾಂಪಲ್ ಅಂಡ್ ಹೋಲ್ಡ್ (ಗೇಟ್ ಬಂದ ಗಳಿಗೆಯ ವೋಲ್ಟೇಜನ್ನು ಹಿಡಿದಿಡುವ ಮಾಡ್ಯೂಲ್) ನಡುವೆ ಇದ್ದರಂತೂ ಅದು ಪ್ರತಿ ಸಲ ಹಿಂದಿನ ಸ್ವರವನ್ನೇ ಹಿಡಿದುಕೊಳ್ಳುತ್ತದೆ. ಗೇಟನ್ನು 2 ಮಿಲಿಸೆಕೆಂಡ್ ತಡಮಾಡಿದರೆ ಎರಡೂ ಹೋಗುತ್ತವೆ.

ಈಗ ತಾಳಕ್ಕೆ ಬರೋಣ. ಕೆಲವು ಸೀಕ್ವೆನ್ಸರ್‌ಗಳಲ್ಲಿ ಒಂದೊಂದು ಸ್ಟೆಪ್ಪಿಗೂ (ಅಲ್ಲಿ ಅದನ್ನು ಸ್ಟೇಜ್ ಎನ್ನುತ್ತಾರೆ) ಎಷ್ಟು ಪಲ್ಸ್ ಎಂದು ಇಡಬಹುದು. ಇಂಟೆಲ್ಲಿಜೆಲ್‌ನ ಮೆಟ್ರೊಪೊಲಿಸ್ ಆ ಜಾತಿಯದು: ಎಂಟು ಸ್ಟೇಜ್, ಪ್ರತಿಯೊಂದಕ್ಕೂ 1ರಿಂದ 8 ಪಲ್ಸ್, ಜೊತೆಗೆ ಆ ಪಲ್ಸ್‌ಗಳಲ್ಲಿ ಗೇಟ್ ಹೇಗೆ ಬರಬೇಕು ಎಂಬ ಸ್ವಿಚ್. ಒಂದೇ ಸಲವೋ, ಪ್ರತಿ ಪಲ್ಸಿಗೋ, ಪೂರ್ತಿ ಎಳೆದುಕೊಂಡೋ, ಮೌನವೋ. ಪಾಶ್ಚಾತ್ಯ ಪಾಠಗಳಲ್ಲಿ ಇದನ್ನು ವಿಚಿತ್ರ ಸೌಕರ್ಯದಂತೆ ವಿವರಿಸುತ್ತಾರೆ. ತಾಳದ ಅಂಗಗಳನ್ನು ಬಲ್ಲವರಿಗೆ ವಿವರಣೆಯೇ ಬೇಡ. ಮೂರು ಸ್ಟೇಜ್ ತೆಗೆದುಕೊಳ್ಳಿ, ಪಲ್ಸ್ 4, 2, 2 ಇಡಿ, ಗೇಟ್ ಒಂದೇ ಸಲ. ದನಿ 1, 5, 7ನೇ ಅಕ್ಷರಗಳಲ್ಲಿ ಬರುತ್ತದೆ. ಆದಿತಾಳದಲ್ಲಿ ಪೆಟ್ಟು ಬೀಳುವ ಜಾಗಗಳೇ ಅವು. ಬೆರಳೆಣಿಕೆ, ಹುಸಿ ಎಲ್ಲ ಮೌನದಲ್ಲಿ ಸರಿದುಹೋಗುತ್ತವೆ. 3, 2, 2 ಇಟ್ಟರೆ ಮಿಶ್ರಛಾಪು, 2, 3 ಇಟ್ಟರೆ ಖಂಡಛಾಪು.

ನಡೆಗೆ (ಒಂದು ಬೀಟನ್ನು ಎಷ್ಟು ಭಾಗ ಮಾಡುತ್ತೇವೆ ಎಂಬುದಕ್ಕೆ) ಬಂದರೆ ಲೆಕ್ಕ ಕೊಂಚ ಬಿಗಿ. 24 ಪಲ್ಸ್‌ನ ಕ್ಲಾಕನ್ನು 6ರಿಂದ ಭಾಗಿಸಿದರೆ ಚತುರಶ್ರ (ನಾಲ್ಕು), 8ರಿಂದ ಭಾಗಿಸಿದರೆ ತಿಶ್ರ (ಮೂರು). ಖಂಡನಡೆಗೆ ಐದು ಬೇಕು; 24 ಐದರಿಂದ ಸರಿಯಾಗಿ ಭಾಗವಾಗುವುದಿಲ್ಲ. ಏಳೂ ಅಷ್ಟೇ. ಹಾಗಾಗಿ ಕ್ಲಾಕ್ ಮಲ್ಟಿಪ್ಲೈಯರ್ ಹಾಕಿ ಬೀಟಿಗೆ ಐದು ಮಾಡಿಕೊಳ್ಳುತ್ತಾರೆ. ಮಲ್ಟಿಪ್ಲೈಯರ್‌ಗೆ ಮುಂದಿನ ಬೀಟ್ ಯಾವಾಗ ಬರುತ್ತದೆ ಎಂದು ಗೊತ್ತಿರುವುದಿಲ್ಲ, ಹಿಂದಿನ ಬೀಟಿನ ಅಂತರ ನೋಡಿ ಅಂದಾಜು ಮಾಡುತ್ತದೆ. ಕಾಲ ಏರಿಸಿದರೆ ಇಳಿಸಿದರೆ ಒಂದು ಬೀಟ್ ಹಿಂದೆ ಬಿದ್ದು ತೊದಲುತ್ತದೆ. ಭಾಗಾಕಾರಕ್ಕೆ ಈ ಕಾಯಿಲೆ ಇಲ್ಲ. ಮಾಸ್ಟರ್ ಕ್ಲಾಕನ್ನು ಬೀಟಿಗೆ 60 ಪಲ್ಸ್ ಇಟ್ಟುಕೊಂಡರೆ 15, 20, 12ರಿಂದ ಭಾಗಿಸಿ ನಾಲ್ಕು, ಮೂರು, ಐದು ಮೂರನ್ನೂ ಶುದ್ಧವಾಗಿ ಪಡೆಯಬಹುದು.

ಪಿಚ್ ಸಾಲನ್ನು 7 ಸ್ಟೆಪ್ಪಿಗೆ, ಗೇಟ್ ಸಾಲನ್ನು 8ಕ್ಕೆ ಇಟ್ಟರೆ 56 ಸ್ಟೆಪ್ ಆದ ಮೇಲಷ್ಟೇ ಎರಡೂ ಮೊದಲಿನಂತೆ ಕೂಡುತ್ತವೆ. 120 ಬಿಪಿಎಂನಲ್ಲಿ 7 ಸೆಕೆಂಡು. ಹದಿನೈದು ಗುಂಡಿಯಿಂದ 56 ಸ್ಟೆಪ್ ಸಂಗೀತ ಬಿಟ್ಟಿ ಸಿಕ್ಕಿತು ಎಂದು ಎಲ್ಲರೂ ಖುಷಿಪಡುವ ಜಾಗ ಇದು. ಆದರೆ ಹೀಗೆ ಬಿಟ್ಟ ಸಾಲು ಅಲೆಯುತ್ತದೆಯೇ ಹೊರತು ಎಲ್ಲಿಗೂ ಬಂದು ಮುಟ್ಟುವುದಿಲ್ಲ. ಕಿವಿ ಸಮಕ್ಕಾಗಿ (ತಾಳದ ಮೊದಲ ಪೆಟ್ಟಿಗಾಗಿ) ಕಾಯುತ್ತಿರುತ್ತದೆ. ಪಿಚ್ ಸಾಲನ್ನು 5ಕ್ಕೆ ಇಟ್ಟು, ಕ್ಲಾಕನ್ನು 32ರಿಂದ ಭಾಗಿಸಿ ಬರುವ ಪಲ್ಸನ್ನು ಅದರ ರೀಸೆಟ್‌ಗೆ ಕೊಟ್ಟು ನೋಡಿ. ಚತುರಶ್ರ ನಡೆಯ ಆದಿತಾಳದ ಒಂದು ಆವರ್ತಕ್ಕೆ (ಪೂರ್ತಿ ಸುತ್ತಿಗೆ) 32 ಮಾತ್ರೆ. ಐದರ ಸಾಲು ಆರು ಸಲ ತಿರುಗಿ, ಎರಡು ಸ್ವರ ಹೆಚ್ಚಿಗೆ ನುಡಿಸಿ, ಸಮಕ್ಕೆ ಬಂದು ಬೀಳುತ್ತದೆ. ಅಲೆದಾಟ ಹೋಗಿ ಆವರ್ತ ಆಗುತ್ತದೆ. ಇನ್ನೂ ಒಂದು ಹೆಜ್ಜೆ ಹೋಗಬೇಕೆಂದರೆ 32 ಸ್ಟೆಪ್ಪಿನ ಗೇಟ್ ಸಾಲಿನಲ್ಲಿ ತೀರ್ಮಾನ (ಒಂದೇ ಗುಂಪನ್ನು ಮೂರು ಸಲ ನುಡಿಸಿ ಸಮಕ್ಕೆ ಮುಗಿಸುವುದು) ಬರೆಯಬಹುದು: ಐದು ಮಾತ್ರೆಯ ಗುಂಪು ಮೂರು ಸಲ, ನಡುವೆ ಎರಡೆರಡು ಬಿಡುವು, ಒಟ್ಟು 19. ಮೊದಲ 13 ಸ್ಟೆಪ್ ಬಿಟ್ಟು 14ರಿಂದ ಶುರುಮಾಡಿದರೆ ಮುಂದಿನ ಸಮಕ್ಕೆ ಸರಿಯಾಗಿ ಮುಗಿಯುತ್ತದೆ.

ಶ್ರುತಿಯ ಕಡೆಗೂ ಇಷ್ಟೇ ಕೈಹಾಕಬೇಕು. ಮೋಹನದ ಸ್ವರಗಳನ್ನು ಕ್ವಾಂಟೈಜರ್ ಹಾಕಿ ಇಟ್ಟರೆ 0, 0.167, 0.333, 0.583, 0.750. ಇದರ ಕೆಳಗೆ ತಂಬೂರಿ ಹಾಕಿ. ನಮ್ಮ ಬೆಂಗಳೂರಿನದೇ ರಾಡೆಲ್ ಎಲೆಕ್ಟ್ರಾನಿಕ್ ತಂಬೂರಿ ಮನೆಮನೆಯಲ್ಲಿದೆಯಲ್ಲ, ಅದೇ ಸಾಕು. ಗಾಂಧಾರ ಬಂದಾಗಲೆಲ್ಲ ದನಿ ಅಲುಗುತ್ತದೆ. ತಂಬೂರಿ ಹುಟ್ಟಿಸುವ ಅಂತರಗಾಂಧಾರ ಷಡ್ಜದ 5/4, ಅಂದರೆ 0.322 ವೋಲ್ಟ್. ಕ್ವಾಂಟೈಜರ್‌ನದು 0.011 ವೋಲ್ಟ್ ಹೆಚ್ಚು, ಸುಮಾರು 14 ಸೆಂಟ್. ಷಡ್ಜ 130.8 ಹರ್ಟ್ಜ್ ಇದ್ದರೆ ಅದರ ಐದನೇ ಹಾರ್ಮೋನಿಕ್ (ಐದು ಪಟ್ಟು ಆವರ್ತನದ ಉಪಸ್ವರ) 654, ಗಾಂಧಾರದ ನಾಲ್ಕನೆಯದು 659. ಸೆಕೆಂಡಿಗೆ ಐದು ಅಲುಗಾಟ. ಕ್ವಾಂಟೈಜರ್ ತೆಗೆದು ಗುಂಡಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಂದರೆ ಅದು ನಿಲ್ಲುತ್ತದೆ. ಸ್ಟೆಪ್ಪಿಗೊಂದು ಗುಂಡಿ ಇರುವ ಹಳೆಯ ಬಗೆಯ ಸೀಕ್ವೆನ್ಸರನ್ನು ಪರದೆ, ಮೆನು ಇರುವ ಹೊಸದಕ್ಕಿಂತ ಮೊದಲು ಕೊಳ್ಳಿ ಎಂದು ನಾನು ಹೇಳುವುದು ಇದಕ್ಕಾಗಿಯೇ. ಕಾರ್ಗ್ ಎಸ್‌ಕ್ಯು-1ರಂಥ ಎರಡು ಸಾಲು ಎಂಟೆಂಟು ಗುಂಡಿಯ ಚಿಕ್ಕ ಪೆಟ್ಟಿಗೆ ಸಾಕು. ಅನಲಾಗ್ ಆಸಿಲೇಟರನ್ನು ಶ್ರುತಿ ಮಾಡುವ ಮೊದಲು 20-30 ನಿಮಿಷ ಆನ್ ಮಾಡಿ ಬಿಡಿ, ಫ್ಯಾನ್ ಗಾಳಿ ನೇರ ಕೇಸಿನ ಮೇಲೆ ಬೀಸದಂತೆ ನೋಡಿಕೊಳ್ಳಿ.

ಕೊಳ್ಳುವ ಬದಲು ಮಾಡಿಕೊಳ್ಳುವವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಒಂದು ಸುತ್ತು ಸಾಕು. ಎಣಿಸುವ ಐಸಿ ಸಿಡಿ 4017 ಒಂದು, ಕ್ಲಾಕಿಗೆ ಇನ್ವರ್ಟರ್ ಐಸಿ ಸಿಡಿ 40106 ಒಂದು, ಬಫರಿಗೆ ಆಪ್‌ಆಂಪ್ ಐಸಿ ಟಿಎಲ್ 072 ಒಂದು, 100ಕೆ ಲೀನಿಯರ್ ಪಾಟ್ (ಗುಂಡಿಯಿಂದ ಬದಲಿಸುವ ರೆಸಿಸ್ಟರ್) ಒಂಬತ್ತು, ವೇಗಕ್ಕೆ 1 ಮೆಗಾ ಪಾಟ್ ಒಂದು, 1ಎನ್4148 ಡಯೋಡ್ ಎಂಟು, 22ಕೆ ಮತ್ತು 100ಕೆ ರೆಸಿಸ್ಟರ್, 1 ಮೈಕ್ರೋಫ್ಯಾರಡ್ ಮತ್ತು 100 ನ್ಯಾನೋಫ್ಯಾರಡ್ ಕೆಪಾಸಿಟರ್. 40106ರ ಒಂದು ಇನ್ವರ್ಟರ್‌ನ ಇನ್‌ಪುಟ್‌ನಿಂದ ನೆಲಕ್ಕೆ (ಗ್ರೌಂಡ್) 1 ಮೈಕ್ರೋಫ್ಯಾರಡ್, ಔಟ್‌ಪುಟ್‌ನಿಂದ ಇನ್‌ಪುಟ್‌ಗೆ 22ಕೆ ಜೊತೆ 1 ಮೆಗಾ ಪಾಟ್; ಕ್ಲಾಕ್ ತಯಾರು. ಅದು 4017ರ 14ನೇ ಪಿನ್ನಿಗೆ ಹೋಗಬೇಕು. 16ನೇ ಪಿನ್ನಿಗೆ ಪ್ಲಸ್ 12 ವೋಲ್ಟ್, 8ನೇ ಪಿನ್ ನೆಲಕ್ಕೆ, 13ನೆಯದು ಕೂಡ ನೆಲಕ್ಕೆ. ಈ 13ನ್ನು ಮರೆತವರ ಬೋರ್ಡು ಕೈ ಹತ್ತಿರ ತಂದರೆ ಓಡುತ್ತದೆ, ತೆಗೆದರೆ ನಿಲ್ಲುತ್ತದೆ. ಇಂಥ ಸಿಮಾಸ್ ಬಗೆಯ ಐಸಿಯ ಇನ್‌ಪುಟ್ ಎಲ್ಲಿಗೂ ಕಟ್ಟದೆ ತೇಲುತ್ತಿದ್ದರೆ ಹೀಗೇ. 40106ರ ಉಳಿದ ಐದು ಇನ್‌ಪುಟ್‌ಗಳನ್ನೂ ನೆಲಕ್ಕೆ ಕಟ್ಟಿ. 100 ನ್ಯಾನೋಫ್ಯಾರಡನ್ನು 16 ಮತ್ತು 8ರ ನಡುವೆ, ಐಸಿಗೆ ಅಂಟಿಕೊಂಡಂತೆ ಹಾಕಿ.

ಸ್ಟೆಪ್‌ಗಳು ಕ್ರಮವಾಗಿ 3, 2, 4, 7, 10, 1, 5, 6ನೇ ಪಿನ್ನುಗಳಲ್ಲಿ ಬರುತ್ತವೆ. ಪ್ರತಿಯೊಂದರಿಂದ ಪಾಟ್‌ನ ಒಂದು ತುದಿಗೆ, ಇನ್ನೊಂದು ತುದಿ ನೆಲಕ್ಕೆ, ನಡುವಿನ ಕಾಲು ಡಯೋಡ್ ಮೂಲಕ ಒಂದು ಸಾಮಾನ್ಯ ತಂತಿಗೆ. ಡಯೋಡ್ ಇಲ್ಲದಿದ್ದರೆ ಆಫ್ ಆಗಿರುವ ಏಳು ಸ್ಟೆಪ್‌ಗಳು ಆನ್ ಆಗಿರುವ ಒಂದನ್ನು ಕೆಳಗೆ ಎಳೆಯುತ್ತವೆ. ಸಾಮಾನ್ಯ ತಂತಿಯಿಂದ ನೆಲಕ್ಕೆ 100ಕೆ, ಆಮೇಲೆ ಟಿಎಲ್ 072ರ ಮೊದಲರ್ಧ ಬಫರ್, ಒಂಬತ್ತನೇ ಪಾಟ್ ಅಟೆನ್ಯುಯೇಟರ್, ಎರಡನೆಯರ್ಧ ಕೊನೆಯ ಬಫರ್. ಅಟೆನ್ಯುಯೇಟರ್ ಬಿಟ್ಟರೆ ಒಂದೇ ಗುಂಡಿಯಲ್ಲಿ ಹತ್ತು ಆಕ್ಟೇವ್ ಇರುತ್ತದೆ, ಸ್ವರ ಹಿಡಿಯಲು ಆಗುವುದಿಲ್ಲ. ಡಯೋಡ್ ಸುಮಾರು 0.6 ವೋಲ್ಟ್ ತಿನ್ನುವುದರಿಂದ ಗುಂಡಿಯ ಮೊದಲ ಚೂರು ಸತ್ತಂತಿರುತ್ತದೆ, ಅದು ತಪ್ಪಲ್ಲ.

ಇನ್ನು 15ನೇ ಪಿನ್ ರೀಸೆಟ್. ಅದನ್ನು 9ನೇ ಪಿನ್ನಿಗೆ ಕಟ್ಟಿದರೆ ಎಂಟು ಸ್ಟೆಪ್. ಬಿಚ್ಚಿ 6ನೇ ಪಿನ್ನಿಗೆ ಕಟ್ಟಿದರೆ ಏಳು, 1ನೇ ಪಿನ್ನಿಗೆ ಕಟ್ಟಿದರೆ ಐದು. ಆದಿಯಿಂದ ಮಿಶ್ರಕ್ಕೆ, ಮಿಶ್ರದಿಂದ ಖಂಡಕ್ಕೆ ಒಂದು ತಂತಿ ಬದಲಿಸುವಷ್ಟೇ ಕೆಲಸ. ಒಂದು ರೋಟರಿ ಸ್ವಿಚ್ ಹಾಕಿಬಿಟ್ಟರೆ ತಂತಿಯೂ ಬೇಡ.

ಪವರ್ ಬಗ್ಗೆ ನಾಲ್ಕು ಮಾತು. ರಿಬ್ಬನ್ ಕೇಬಲ್ಲಿನ ಕೆಂಪು ಗೆರೆ ಯೂರೋರ‍್ಯಾಕ್‌ನಲ್ಲಿ ಮೈನಸ್ 12 ವೋಲ್ಟ್ ಕಡೆ. ಕೆಂಪು ಎಂದರೆ ಪ್ಲಸ್ ಎಂಬ ಅಭ್ಯಾಸದಿಂದ ತಿರುಗಿಸಿ ಹಾಕಿದರೆ ಮಾಡ್ಯೂಲ್ ಸುಡಬಹುದು. ಮಾಡ್ಯೂಲ್‌ಗಳ ಮಿಲಿಆಂಪ್ ಕೂಡಿಸಿ, ಸಪ್ಲೈನಲ್ಲಿ ಕಾಲು ಭಾಗ ಉಳಿಯುವಂತೆ ನೋಡಿ. ಡಿಜಿಟಲ್ ಸೀಕ್ವೆನ್ಸರ್ ಇದ್ದರೆ ಪ್ಯಾಟರ್ನ್ ಚೆನ್ನಾಗಿ ಬಂದ ತಕ್ಷಣ ಸೇವ್ ಮಾಡಿ, ನಮ್ಮೂರಿನ ಮಳೆಗಾಲದ ಸಂಜೆಯಲ್ಲಿ ಕರೆಂಟು ಕೇಳಿಕೊಂಡು ಹೋಗುವುದಿಲ್ಲ. ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ಸೀಕ್ವೆನ್ಸರ್‌ಗೆ ಪವರ್ ಕೊಟ್ಟಾಗ ಬರುವ ಕೀರಲು ಸದ್ದಿಗೆ ಗ್ರೌಂಡ್ ಲೂಪ್ (ಎರಡು ದಾರಿಯಲ್ಲಿ ಕೂಡಿದ ನೆಲ) ಕಾರಣ. ಪವರನ್ನು ಬೇರೆ ಅಡಾಪ್ಟರಿನಿಂದ ಕೊಟ್ಟು, ಕ್ಲಾಕನ್ನು ಐದು ಪಿನ್ನಿನ ಮಿಡಿಯಲ್ಲಿ ಕಳಿಸಿದರೆ ಹೋಗುತ್ತದೆ. ಮಿಡಿ ಇನ್‌ಪುಟ್‌ನಲ್ಲಿ ಆಪ್ಟೋಐಸೊಲೇಟರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಭಾಗ) ಇರುವುದರಿಂದ ಎರಡರ ನೆಲ ಕೂಡುವುದಿಲ್ಲ. 3.5 ಎಂಎಂ ಜಾಕಿನ ಮಿಡಿಯಾದರೆ ಟೈಪ್ ಎ, ಟೈಪ್ ಬಿ ಎಂಬ ಎರಡು ಜೋಡಣೆಗಳಿವೆ. 2018ರಲ್ಲಿ ಎ ಅಧಿಕೃತ ಆಯಿತು, ಅದಕ್ಕಿಂತ ಹಳೆಯ ಕೆಲವು ಉಪಕರಣಗಳು ಬಿ. ಅಡಾಪ್ಟರ್ ತಪ್ಪಾಗಿದ್ದರೆ ಏನೂ ಸುಡುವುದಿಲ್ಲ, ಏನೂ ನುಡಿಯುವುದೂ ಇಲ್ಲ.

ಕೊನೆಗೆ ಎಲ್ಲರೂ ಕೇಳುವುದು ಗಮಕ. ಸ್ಲ್ಯೂ (ವೋಲ್ಟೇಜ್ ಥಟ್ಟನೆ ಹಾರದೆ ಜಾರುವಂತೆ ಮಾಡುವ ಮಾಡ್ಯೂಲ್) ಹಾಕಿ, 80ರಿಂದ 150 ಮಿಲಿಸೆಕೆಂಡ್ ಇಟ್ಟರೆ ಜಾರು ಮಟ್ಟಿಗೆ ಬರುತ್ತದೆ, ಅದೂ ಬೇಕಾದ ಸ್ಟೆಪ್ಪಿಗೆ ಮಾತ್ರ ಹಾಕಿದರೆ. ಎಲ್ಲಾ ಸ್ಟೆಪ್ಪಿಗೂ ಹಾಕಿದರೆ ಅಮಲಿನಲ್ಲಿ ಹಾಡಿದ ಹಾಗಿರುತ್ತದೆ. ಕಂಪಿತಕ್ಕೆ ಬೇರೆ ದಾರಿ: ಸೆಕೆಂಡಿಗೆ 5-6 ಸಲ ತೂಗುವ ಎಲ್‌ಎಫ್‌ಒ (ನಿಧಾನ ತೂಗುವ ಆಸಿಲೇಟರ್) ಒಂದನ್ನು ವಿಸಿಎ (ವೋಲ್ಟೇಜ್ ಹೇಳಿದಷ್ಟೇ ಸಿಗ್ನಲ್ ಬಿಡುವ ಮಾಡ್ಯೂಲ್) ಮೂಲಕ ಆಸಿಲೇಟರಿನ ಪಿಚ್‌ಗೆ ಕೊಡಿ, ಆ ವಿಸಿಎಯನ್ನು ಸೀಕ್ವೆನ್ಸರಿನ ಎರಡನೇ ಸಾಲಿನಿಂದ ತೆರೆಯಿರಿ. ಯಾವ ಸ್ವರ ನಡುಗಬೇಕೋ ಆ ಸ್ಟೆಪ್ಪಿನ ಎರಡನೇ ಗುಂಡಿ ಮೇಲೆ, ಷಡ್ಜ ಪಂಚಮಗಳದು ಸೊನ್ನೆ. ಗೇಟನ್ನು ಎಲ್‌ಎಫ್‌ಒದ ರೀಸೆಟ್‌ಗೂ ಕೊಟ್ಟರೆ ನಡುಕ ಪ್ರತಿ ಸಲ ಒಂದೇ ಕಡೆಯಿಂದ ಶುರುವಾಗುತ್ತದೆ. ಆಲಾಪನೆಗೆ ಇದು ಆಗದು, ಮಧ್ಯಮಕಾಲದ ಸ್ವರಗಳಿಗೆ ಪರವಾಗಿಲ್ಲ. ಎಲ್‌ಎಫ್‌ಒ ಸೊನ್ನೆಯಿಂದ ಮೇಲಕ್ಕೆ ಮಾತ್ರ ಹೋಗುವಂಥದ್ದಿರಲಿ. ಎರಡೂ ಕಡೆ ತೂಗುವುದನ್ನು ಹಾಕಿದರೆ ಸ್ವರ ತನ್ನ ಸ್ಥಾನಕ್ಕಿಂತ ಕೆಳಗೂ ಇಳಿಯುತ್ತದೆ, ಗುಂಡಿ ಎಷ್ಟೇ ನಿಖರವಾಗಿದ್ದರೂ ಶ್ರುತಿ ಇಳಿದಂತೆಯೇ ಕೇಳಿಸುತ್ತದೆ.